ನಾಲ್ಕು ಜನದ ಚಾಪೆ

ಅರಸೀಕೆರೆ ಬಸ್ ನಿಲ್ದಾಣದ ದೀಪಗಳು ಇನ್ನೂ ಆರಿಲ್ಲ. ಎಳನೀರಿನ ಗಾಡಿಯವನು ಗೊನೆ ಇಳಿಸುತ್ತಿದ್ದಾನೆ. ರೈಲಿಳಿದು ಬಂದ ಜನ ಜಾವಗಲ್ ಬಸ್ಸು ಯಾವುದೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ. ಕಂಬದ ಪಕ್ಕ ನಿಂತ ಹೆಂಗಸೊಬ್ಬರು ಎರಡು ಚೀಲಗಳನ್ನು ಕಾಲ ನಡುವೆ ಇಟ್ಟುಕೊಂಡು ಬಗ್ಗಿ ಬಗ್ಗಿ ಒಳಗೆ ನೋಡುತ್ತಿದ್ದಾರೆ. ಒಂದು ಚೀಲದಲ್ಲಿ ಮಡಿಸಿಟ್ಟ ಪ್ಲಾಸ್ಟಿಕ್ ಚಾಪೆಗಳು. ಇನ್ನೊಂದರಲ್ಲಿ ಹಳೇ ಗ್ಯಾಸ್ ಪೈಪಿನ ತುಂಡುಗಳು, ಸೈಕಲ್ ಪಂಪು, ಬಟ್ಟೆ ಸೋಪು, ಸ್ಟೀಲ್ ಡಬ್ಬಿಗಳು. ಡಬ್ಬಿಯ ಮುಚ್ಚಳ ಒತ್ತಿ ನೋಡುತ್ತಾರೆ. ಸಮಾಧಾನವಾಗದೆ ಮತ್ತೆ ಒತ್ತಿ ನೋಡುತ್ತಾರೆ. ಆಮೇಲೆ ಮನೆಗೆ ಫೋನು.

"ರೀ, ಎದ್ದ್ರಾ? ಸಿಲಿಂಡರ್ ಆರಿಸಿದೀನಾ ನೋಡಿ. ಆರಿಸಿದೀನಿ, ಗೊತ್ತು ನಂಗೆ. ಆದ್ರೂ ಒಂದ್ಸಲ ನೋಡ್ರಿ."

ಆ ಕಡೆಯಿಂದ ಪತಿ ಇಂದುಧರ ಏನೋ ಗೊಣಗಿದ್ದು ಇಲ್ಲಿಗೂ ಕೇಳುತ್ತದೆ.

"ಹೂಂ, ಹುಚ್ಚೇ. ನೋಡಿ ಬಂದು ಆಮೇಲೆ ಬೈರಿ."

ಇವರು ಉಷಾರಾಣಿ. ಅರಸೀಕೆರೆ, ಬೇಲೂರು ಕಡೆಯ ಶಾಲೆಗಳಲ್ಲಿ ಬಿಸಿಯೂಟ ಬೇಯಿಸುವ ಹೆಂಗಸರಿಗೆ ತರಬೇತಿ ಕೊಡುವುದು ಇವರ ಕೆಲಸ. ಊರಿನ ಪುಟ್ಟ ಸಂಸ್ಥೆಯೊಂದು ಇವರನ್ನು ಕಳಿಸಿಕೊಡುತ್ತದೆ. ಗ್ಯಾಸ್ ಹೇಗೆ ಹಚ್ಚಬೇಕು, ಹೇಗೆ ಆರಿಸಬೇಕು, ಯಾವ ಎಣ್ಣೆ ಬಾಣಲೆಗೆ, ಯಾವುದು ಚರಂಡಿಗೆ ಎಂದು ತೋರಿಸಿಕೊಡುತ್ತಾರೆ. ಮಕ್ಕಳು ತಟ್ಟೆ ಹಿಡಿದು ಸಾಲುಗಟ್ಟುವ ಅಡುಗೆಮನೆಗಳಲ್ಲಿ ಏನೂ ಅನಾಹುತ ಆಗಬಾರದು, ಅಷ್ಟೇ ಪಾಠ. ಏನೂ ಆಗದಿದ್ದರೆ ಇವರ ಹೆಸರನ್ನು ಯಾರೂ ಕೇಳುವುದಿಲ್ಲ. ಕೇಳುವ ದಿನ ಬಂದೀತೆಂಬ ದಿಗಿಲು ಮಾತ್ರ ಇವರ ಎದೆಯಲ್ಲಿ ಬಾಡಿಗೆ ಕೊಡದೆ ಕೂತುಬಿಟ್ಟಿದೆ.

"ಬೆಳಿಗ್ಗೆ ಪೇಪರ್ ಬಂದ್ರೆ ನಾನು ಮೊದ್ಲು ನೋಡೋದು ಒಂದೇ. ಎಲ್ಲಾದ್ರೂ ಶಾಲೇಲಿ ಗ್ಯಾಸು, ಬೆಂಕಿ ಅಂತ ಇದೆಯಾ? ಇಲ್ಲ ಅಂದ್ರೆ ಕಾಫಿ ಕುಡೀತೀನಿ," ಎನ್ನುತ್ತಾರೆ.

ಇವತ್ತಿನ ತರಬೇತಿ ಬೇಲೂರಿನಲ್ಲಿ. ಬಸ್ಸು ಹತ್ತಿ ಕೂತಿದ್ದೇ ಮಡಿಲಲ್ಲಿ ಕಾಗದದ ಪೊಟ್ಟಣಗಳು ಬಿಚ್ಚಿಕೊಳ್ಳುತ್ತವೆ. ಹುಣಸೆ ಬೀಜ, ಹುರುಳಿ, ಅವರೆ, ಅಲಸಂದೆ, ಕೊಬ್ಬರಿ ಚೂರು. ತರಬೇತಿಗೆ ಬಂದವರ ಅಂಗೈಗೆ ಬಾಗಿಲಲ್ಲೇ ಒಂದೊಂದನ್ನು ಹಾಕುತ್ತಾರೆ. ಒಂದೇ ಕಾಳು ಸಿಕ್ಕಿದ ನಾಲ್ವರಿಗೆ ಒಂದು ಚಾಪೆ. ಒಂದೇ ಶಾಲೆಯಿಂದ ಬಂದ ಇಬ್ಬರಿಗೆ ಎಂದೂ ಒಂದೇ ಕಾಳು ಬೀಳದ ಹಾಗೆ ನೋಡಿಕೊಳ್ಳುತ್ತಾರೆ.

"ಒಂದೇ ಅಡುಗೆಮನೆಯೋರು ಜೊತೇಲಿ ಕೂತ್ರೆ ಒಬ್ಬರೇ ಮಾತಾಡ್ತಾರೆ, ಇನ್ನೊಬ್ಬರು ಅವರ ಬಾಯಿ ನೋಡ್ತಾರೆ. ಅಲ್ಲಿ ಸೌಟು ಹಿಡಿಯೋರು ಇಲ್ಲೂ ಸೌಟೇ ಹಿಡೀತಾರೆ, ಪಾತ್ರೆ ತೊಳೆಯೋರು ಇಲ್ಲೂ ತೊಳೀತಾರೆ. ಬೇರೆ ಮಾಡಿದ್ರೆ ಇಬ್ಬರಿಗೂ ಬಾಯಿ ಬರುತ್ತೆ."

ಈ ಲೆಕ್ಕ ಅವರು ಕಲಿತದ್ದು ಕೊಬ್ಬರಿ ಮಂಡಿಯಲ್ಲಿ. ಮದುವೆಯಾಗಿ ಅರಸೀಕೆರೆಗೆ ಬಂದ ಹೊಸದರಲ್ಲಿ, ಮಂಡಿಯೊಂದರ ಹಿಂದಿನ ಅಂಗಳಕ್ಕೆ ಒಣಗಿದ ಕಾಯಿಯ ಚಿಪ್ಪು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಕಾಯಿಯ ರಾಶಿಯ ಸುತ್ತ ಹೆಂಗಸರು ಕೂರುತ್ತಿದ್ದರು. ನಾಲ್ವರು ಕೂತ ರಾಶಿಯಲ್ಲಿ ಎಲ್ಲರ ಕೈಯೂ ಆಡುತ್ತಿತ್ತು, ಬಾಯಿಯೂ ಆಡುತ್ತಿತ್ತು. ಏಳೆಂಟು ಜನ ಕೂತಲ್ಲಿ ಇಬ್ಬರ ಮಾತು ಮೆರೆಯುತ್ತಿತ್ತು, ಒಬ್ಬಳು ಗೋಡೆಗೊರಗಿ ತೂಕಡಿಸುತ್ತಿದ್ದಳು, ಕತ್ತಿ ತಾಗುತ್ತಿದ್ದದ್ದು ಅವಳ ಬೆರಳಿಗೇ.

ಮುಂದೆ ಶಾಲೆಯೊಂದರಲ್ಲಿ ಅಡುಗೆ ಸಹಾಯಕಿಯಾದರು. ಆಗ ಅವರಿಗೂ ಒಂದು ತರಬೇತಿ ಆಯಿತು. ದೊಡ್ಡ ಹಾಲು, ಮೈಕು, ಮುಂದೆ ಯಾರೋ ಹೇಳುತ್ತಿದ್ದರು. "ನಾನು ಕಡೇ ಸಾಲಲ್ಲಿದ್ದೆ. ಎಲ್ಲರೂ ತಲೆ ಆಡಿಸಿದ್ರು, ನಾನೂ ಆಡಿಸ್ದೆ. ಮಾರನೇ ದಿನ ರೆಗ್ಯುಲೇಟರ್ ಹಿಡ್ಕೊಂಡು ನಿಂತ್ರೆ ಯಾವ ಕಡೆ ತಿರುಗಿಸ್ಬೇಕು ಅಂತ್ಲೇ ತಿಳೀಲಿಲ್ಲ. ದೇವರ ಹೆಸರು ಹೇಳಿ ತಿರುಗಿಸ್ದೆ. ಈಗ ನೆನೆಸ್ಕೊಂಡ್ರೂ ಕೈ ತಣ್ಣಗಾಗುತ್ತೆ."

ಹಳೇಬೀಡು ಬಂದಾಗ ಕೆರೆಯ ನೀರ ಮೇಲೆ ಬೆಳಕು ಹರಡುತ್ತಿದೆ. ಪಕ್ಕದ ಸೀಟಿನವರು ಕಿಟಕಿಯಾಚೆ ನೋಡುತ್ತಾರೆ. ಉಷಾರಾಣಿ ಕಾಳು ಎಣಿಸುತ್ತಲೇ ಇದ್ದಾರೆ.

ಬೇಲೂರಿನ ಹಳೆಯ ಕಟ್ಟಡವೊಂದರ ಹಾಲಿನಲ್ಲಿ ಬಿಸಿಯೂಟದ ಉಸ್ತುವಾರಿ ನೋಡುವ ಅಧಿಕಾರಿ ಕುಮಾರಸ್ವಾಮಿ ಆಗಲೇ ಪ್ರೊಜೆಕ್ಟರ್ ಹಚ್ಚಿಕೊಂಡು ಕಾಯುತ್ತಿದ್ದಾರೆ. ಕೆಟ್ಟ ಮನುಷ್ಯರಲ್ಲ. ಅವರ ತಲೆಯ ಮೇಲೂ ನೂರೆಂಟು ಶಾಲೆಗಳ ಭಾರವಿದೆ.

"ಮೇಡಂ, ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದು ಗಂಟೇಲಿ ಹೇಳಿಬಿಟ್ರೆ ಆಗಲ್ವಾ? ಮಧ್ಯಾಹ್ನ ನಂಗೆ ಹಾಸನಕ್ಕೆ ಹೋಗೋದಿದೆ."

"ಒಟ್ಟಿಗೆ ಹೇಳಿದ್ರೆ ಒಟ್ಟಿಗೆ ತಲೆ ಆಡಿಸ್ತಾರೆ ಸಾರ್. ನಿಮ್ಮ ಪಿಕ್ಚರ್ ಮೊದ್ಲು ತೋರಿಸಿಬಿಡಿ. ಆಮೇಲೆ ನನಗೆ ಬಿಡಿ."

ಬಾಗಿಲಲ್ಲಿ ಕಾಳು ಹಂಚುವಾಗ ಒಂದು ಸಣ್ಣ ತಕರಾರು. ಹುಲಿಕೆರೆ ಕಡೆಯ ಹಳ್ಳಿ ಶಾಲೆಯೊಂದರಿಂದ ಇಬ್ಬರು ಬಂದಿದ್ದಾರೆ. ಮುಖ್ಯ ಅಡುಗೆಯವರು ಸುವರ್ಣಮ್ಮ, ನಡುವಯಸ್ಸಿನ ಸಣಕಲು ಹೆಂಗಸು. ಸಹಾಯಕಿ ಜಾನಕಮ್ಮ, ವಯಸ್ಸಿನಲ್ಲಿ ಹಿರಿಯರು. ಸುವರ್ಣಮ್ಮನ ಕೈಗೆ ಹುಣಸೆ ಬೀಜ ಬಿದ್ದಿದೆ, ಜಾನಕಮ್ಮನ ಕೈಗೆ ಹುರುಳಿ.

"ನಂಗೂ ಹುಣಸೆ ಬೀಜನೇ ಕೊಡಿ ಮೇಡಂ," ಜಾನಕಮ್ಮ ಅಂಗೈ ಚಾಚುತ್ತಾರೆ. "ನಾವಿಬ್ರೂ ಬಿಟ್ಟಿರಾಕಿಲ್ಲ."

"ಮದ್ವೆಯಾಗಿದೀರಾ ಇಬ್ರೂ?" ಹಿಂದಿನಿಂದ ಯಾರೋ ಕಿಚಾಯಿಸುತ್ತಾರೆ.

ಉಷಾರಾಣಿ ನಗುತ್ತಾರೆ, ಆದರೆ ಬಿಟ್ಟುಕೊಡುವುದಿಲ್ಲ. ಜೊತೆಗಾತಿಯನ್ನು ಬಿಡಲು ಒಲ್ಲದವರು ಪ್ರತಿ ತರಬೇತಿಯಲ್ಲೂ ಇರುತ್ತಾರೆ. ಕಾಳನ್ನು ಗುಟ್ಟಾಗಿ ಅದಲು ಬದಲು ಮಾಡಿಕೊಂಡವರನ್ನೂ ಅವರು ಎಷ್ಟೋ ಸಲ ಎಬ್ಬಿಸಿದ್ದಾರೆ. ಇದೂ ಅಂಥದ್ದೇ ಎಂದುಕೊಳ್ಳುತ್ತಾರೆ. ಜಾನಕಮ್ಮ ಹಾಲಿನ ಆ ತುದಿಗೆ ಹೋಗಿ ಕೂತರೂ ಅವರ ಕಣ್ಣು ಈ ತುದಿಯಲ್ಲೇ ನೆಟ್ಟಿರುವುದನ್ನು ಗಮನಿಸುವುದಿಲ್ಲ.

ಹುಣಸೆ ಬೀಜದ ಚಾಪೆಯಲ್ಲಿ ಸುವರ್ಣಮ್ಮನ ಜೊತೆ ಗೆಂಡೆಹಳ್ಳಿಯ ಕಮಲಾಕ್ಷಮ್ಮ ಇದ್ದಾರೆ, ಹಾಲಿನ ಆಚೆಗೂ ಕೇಳುವ ಗಂಟಲು. ಈಚೆಗಷ್ಟೇ ಕೆಲಸಕ್ಕೆ ಸೇರಿದ ಗಾನವಿ ಇದ್ದಾಳೆ. ನಾಲ್ಕನೆಯವರು ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡ ಒಬ್ಬ ಮುದುಕಿ.

ಪ್ರತಿ ಚಾಪೆಗೂ ಮೂರು ಡಬ್ಬಿ ಹೋಗುತ್ತವೆ. ಒಂದರಲ್ಲಿ ಹೊಸ ಎಣ್ಣೆ, ಒಂದರಲ್ಲಿ ಮುಗ್ಗಲು ಹಿಡಿದ ಎಣ್ಣೆ, ಇನ್ನೊಂದರಲ್ಲಿ ಎಣ್ಣೆಗೆ ಒಂದಿಷ್ಟು ಸೀಮೆಎಣ್ಣೆ ಬೆರೆಸಿದ್ದು. ಕಣ್ಣು ಮುಚ್ಚಿ ಮೂಸಬೇಕು. ಯಾವುದು ಬಾಣಲೆಗೆ, ಯಾವುದು ಚೆಲ್ಲುವುದಕ್ಕೆ ಎಂದು ಡಬ್ಬಿ ಹಿಡಿದವರ ಕಿವಿಯಲ್ಲಿ ಹೇಳಬೇಕು, ಜೋರಾಗಿ ಕೂಡದು. ಜೋರಾಗಿ ಹೇಳಿದರೆ ಮೊದಲು ಹೇಳಿದವರ ಮಾತನ್ನೇ ಉಳಿದವರೂ ಹೇಳಿಬಿಡುತ್ತಾರೆ. ಡಬ್ಬಿ ಹಿಡಿಯುವ ಕೆಲಸ ಚಾಪೆಯಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿನವರಿಗೆ. ಅವರ ಬಾಯಿ ಕಟ್ಟಿಹಾಕಿ ಕಿವಿ ತೆರೆಸುವ ಉಪಾಯ ಇದು. ಕೊನೆಗೆ ಎದ್ದು ನಿಂತು ಇಡೀ ಹಾಲಿಗೆ ವರದಿ ಒಪ್ಪಿಸುವುದು ಚಾಪೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಿದವರು.

ಇನ್ನೊಂದು ಕಟ್ಟಳೆಯನ್ನು ಉಷಾರಾಣಿ ಪ್ರತಿ ಸಲವೂ ಕೈ ಮುಗಿದು ಹೇಳುತ್ತಾರೆ. "ಚಾಪೆ ಮೇಲೆ ಆಡಿದ ಮಾತು ಚಾಪೆ ಮೇಲೇ ಇರ್ಬೇಕು. ಯಾರ ಕೈ ಸುಟ್ಟಿದ್ದು, ಯಾರ ಅನ್ನ ಸೀದಿದ್ದು, ಯಾವುದೂ ಆಚೆ ಹೋಗ್ಬಾರ್ದು. ನಾನೂ ಹೇಳಲ್ಲ."

ಕೆಲಸ ಶುರುವಾದ ಮೇಲೆ ಅವರು ಯಾರ ತಲೆಯ ಮೇಲೂ ನಿಲ್ಲುವುದಿಲ್ಲ. ಚಾಪೆಗಳ ನಡುವೆ ಓಡಾಡುತ್ತಾ, ಬೆನ್ನು ತಿರುಗಿಸಿ, ಕಿವಿ ಮಾತ್ರ ಅಲ್ಲೇ ಬಿಟ್ಟಿರುತ್ತಾರೆ. ಮೇಷ್ಟ್ರು ನೋಡುತ್ತಿದ್ದರೆ ಹೆಂಗಸರು ಮೇಷ್ಟ್ರಿಗಾಗಿ ಮಾತಾಡುತ್ತಾರೆ ಎಂಬುದು ಅವರ ಅನುಭವ.

ಹಾಗೆ ಬೆನ್ನು ತಿರುಗಿಸಿ ನಿಂತಿರುವಾಗಲೇ ಹುಣಸೆ ಬೀಜದ ಚಾಪೆಯಿಂದ ಕಮಲಾಕ್ಷಮ್ಮನ ನಗು ಸಿಡಿಯುತ್ತದೆ.

"ಅಯ್ಯೋ ನಿನ್ನ! ಸೀಮೆಎಣ್ಣೆ ಹಾಕಿರೋದನ್ನ ಬಾಣಲೆಗೆ ಹುಯ್ಯಿ ಅಂತೀಯಲ್ಲೇ! ಮಕ್ಳಿಗೆ ಪೂರಿ ಕರೀತೀಯೇನೇ ಇದ್ರಾಗೆ?"

"ನೆಗಡಿ ಕಣಕ್ಕ," ಸುವರ್ಣಮ್ಮನ ದನಿ.

"ಎಲ್ಲೈತೆ ನೆಗಡಿ? ಬೆಳಿಗ್ಗೆಯಿಂದ ಒಂದು ಸೀನೂ ಸೀನಿಲ್ಲ ನೀನು."

"ಇನ್ನೊಂದ್ಸಲ ನೋಡಿ ಅಕ್ಕ," ಗಾನವಿ ಮೆಲ್ಲಗೆ ಬೇರೆ ಡಬ್ಬಿ ಮುಂದಿಡುತ್ತಾಳೆ. ಇದು ಮುಗ್ಗಲು ಎಣ್ಣೆಯದು. ಸುವರ್ಣಮ್ಮ ಮೂಸುತ್ತಾರೆ. ಇನ್ನೊಮ್ಮೆ ಮೂಗಿಗೆ ಒತ್ತಿ ಹಿಡಿದು ಮೂಸುತ್ತಾರೆ. ಕಮಲಾಕ್ಷಮ್ಮನ ನಗು ಅರ್ಧಕ್ಕೇ ನಿಲ್ಲುತ್ತದೆ.

"ಏನೂ ಬರಾಕಿಲ್ವೇನೇ?"

"ಆ ಕೊರೊನಾ ಜ್ವರ ಬಂದು ಹೋದಾಗಿಂದ ಇಲ್ಲ ಕಣಕ್ಕ. ಒಗ್ಗರಣೆನೂ ಅಷ್ಟೇ, ಸಗಣಿನೂ ಅಷ್ಟೇ."

"ಮತ್ತೆ ಗ್ಯಾಸು?"

ಸುವರ್ಣಮ್ಮ ಹಾಲಿನ ಆ ತುದಿಯ ಕಡೆ ನೋಡುತ್ತಾರೆ. "ಜಾನಕಕ್ಕ ಐತಲ್ಲ. ಅವ್ಳು ಬಂದು ಮೂಸಿ ಹೂಂ ಅಂದ್ಮೇಲೇ ನಾನು ಹಚ್ಚೋದು."

ಕಥೆಗಳಲ್ಲಿ ರಾಕ್ಷಸನ ಜೀವ ಏಳು ಕಡಲಾಚೆಯ ಗಿಳಿಯೊಳಗೆ ಅಡಗಿರುತ್ತದೆ. ಸುವರ್ಣಮ್ಮನ ಮೂಗು ಇಷ್ಟು ವರ್ಷ ಜಾನಕಮ್ಮನ ಮುಖದಲ್ಲಿ ಅಡಗಿತ್ತು. ಒಂದೇ ಚಾಪೆಯಲ್ಲಿ ಕೂತಿದ್ದರೆ ಇವತ್ತೂ ಅಡಗಿಯೇ ಇರುತ್ತಿತ್ತು. ಜಾನಕಮ್ಮ ಒಂದು ಕಣ್ಣು ಮಿಟುಕಿಸಿದ್ದರೆ ಸಾಕಿತ್ತು.

"ಜಾನಕಕ್ಕಂಗೆ ಅರವತ್ತಾಯ್ತು," ಎನ್ನುತ್ತಾರೆ ಸುವರ್ಣಮ್ಮ, ಚಾಪೆಯ ಅಂಚು ಕೀಳುತ್ತಾ. "ಬರೋ ತಿಂಗಳು ಕೆಲಸ ಬಿಡ್ತಾಳೆ."

ಎರಡು ಹೆಜ್ಜೆ ದೂರದಲ್ಲಿ ಬೆನ್ನು ಮಾಡಿ ನಿಂತ ಉಷಾರಾಣಿಯವರಿಗೆ ಎಲ್ಲವೂ ಕೇಳಿಸಿದೆ. ಈ ಮಾತನ್ನು ಈಗಲೇ ಹೋಗಿ ಕುಮಾರಸ್ವಾಮಿಯವರಿಗೆ ಹೇಳಬೇಕೇ? ಹೇಳಿದರೆ ಸುವರ್ಣಮ್ಮನ ಕೆಲಸ ಇವತ್ತು ಸಂಜೆಗೇ ಹೋಗಬಹುದು. ಗಂಡನಿಲ್ಲದ ಮನೆಯ ಒಲೆ ಉರಿಯುತ್ತಿರುವುದು ಈ ಕೆಲಸದಿಂದ. ಜೊತೆಗೆ, ಇನ್ನು ಮುಂದೆ ಬೇಲೂರು ತಾಲ್ಲೂಕಿನ ಯಾವ ಹೆಂಗಸೂ ಇವರ ಚಾಪೆಯ ಮೇಲೆ ಬಾಯಿ ಬಿಡುವುದಿಲ್ಲ. ಹೇಳದಿದ್ದರೆ? ಬರುವ ತಿಂಗಳ ಒಂದು ಬೆಳಿಗ್ಗೆ, ಮುಚ್ಚಿದ ಕಿಟಕಿಯ ಅಡುಗೆಮನೆ, ಸೋರುವ ಪೈಪು, ಕಡ್ಡಿಪೆಟ್ಟಿಗೆ ಹಿಡಿದ ಸುವರ್ಣಮ್ಮ, ಗೋಡೆಯಾಚೆ ಮಗ್ಗಿ ಹೇಳುತ್ತಿರುವ ಒಂದನೇ ತರಗತಿ.

ಅಷ್ಟರಲ್ಲಿ ಚಾಪೆಯ ಮೇಲೆ ಜಗಳ ಶುರುವಾಗಿದೆ.

"ಬಾಯ್ ಮುಚ್ಕೊಂಡಿರು," ಕಮಲಾಕ್ಷಮ್ಮ ಈಗ ಪಿಸುಗುಟ್ಟುತ್ತಿದ್ದಾರೆ. "ಹೇಳ್ದೋ, ನಾಳೆಯಿಂದ ಮನೇಲಿರು ಅಂತಾರೆ."

"ಮಕ್ಳು ಇರ್ತಾವಲ್ಲ ಅಕ್ಕ," ಗಾನವಿ.

"ನೀನೊಬ್ಬಳು ಶಾನುಭೋಗ್ರು ಬಂದೆ."

"ಅಲ್ಲ, ನಮಗೂ ನೆಗಡಿ ಬತ್ತದಲ್ಲ. ಆಗ ನಾವೇನು ಮಾಡ್ತೀವಿ?"

ಮುದುಕಿ ಎದ್ದು ಹೋಗಿ ಎಲೆ ಅಡಿಕೆ ಉಗಿದು ಬಂದು, ಮೊದಲ ಸಲ ಬಾಯಿ ತೆರೆಯುತ್ತಾಳೆ. "ಏನೂ ಮಾಡಾಕಿಲ್ಲ. ಹಚ್ತೀವಿ. ಇಷ್ಟು ದಿನ ದೇವ್ರು ಕಾಪಾಡವ್ನೆ."

ಉಷಾರಾಣಿ ತಿರುಗುತ್ತಾರೆ. ಉತ್ತರ ನಾಲಗೆಯ ತುದಿಯಲ್ಲೇ ಇದೆ, ನುಂಗಿಕೊಳ್ಳುತ್ತಾರೆ. ಪೈಪಿನ ತುಂಡು, ಪಂಪು, ಸೋಪು, ನೀರಿನ ಬೋಗುಣಿಯನ್ನು ಚಾಪೆಯ ನಡುವೆ ಇಡುತ್ತಾರೆ. "ಈ ಪೈಪಲ್ಲಿ ಎಲ್ಲೋ ಒಂದು ಕಡೆ ತೂತಿದೆ. ಮೂಗಿಲ್ಲದೆ ಹುಡುಕಿ," ಎಂದಷ್ಟೇ ಹೇಳಿ ಬೇರೆ ಚಾಪೆಗೆ ನಡೆಯುತ್ತಾರೆ.

ಬೇರೆ ಚಾಪೆಗಳಲ್ಲಿ ಹೆಂಗಸರು ಪೈಪಿಗೆ ಕಿವಿ ಇಡುತ್ತಿದ್ದಾರೆ, ಕೆನ್ನೆ ಇಡುತ್ತಿದ್ದಾರೆ, ಒಬ್ಬರು ನಾಲಗೆಯನ್ನೂ ಇಟ್ಟು ಬೈಸಿಕೊಳ್ಳುತ್ತಾರೆ. ಹುಣಸೆ ಬೀಜದವರು ನಾಲ್ವರೂ ಸೆರಗಿನಿಂದ ಮೂಗು ಕಟ್ಟಿಕೊಂಡು ಕೂತಿದ್ದಾರೆ, ಬೆಣ್ಣೆ ಕದಿಯಲು ಹೊರಟ ಕಳ್ಳಿಯರ ಹಾಗೆ. ಕಮಲಾಕ್ಷಮ್ಮ ಪಂಪು ಒತ್ತುತ್ತಾರೆ. ಗಾನವಿ ಸೋಪಿನ ನೊರೆ ಬಳಿಯುತ್ತಾಳೆ. ಒಂದು ಕಡೆ ನೊರೆ ಉಬ್ಬಿ ಗುಳ್ಳೆಯಾಗುತ್ತದೆ, ಒಡೆಯುತ್ತದೆ, ಮತ್ತೆ ಉಬ್ಬುತ್ತದೆ. ಸುವರ್ಣಮ್ಮ ಗಾನವಿಯ ಕೈಯಿಂದ ನೊರೆಯ ಬೋಗುಣಿ ಕಿತ್ತುಕೊಂಡು ತಾವೇ ಇನ್ನೊಮ್ಮೆ ಬಳಿಯುತ್ತಾರೆ. ಮತ್ತೊಮ್ಮೆ. ಗುಳ್ಳೆಯನ್ನು ಮಗುವಿನ ಮುಖ ನೋಡುವ ಹಾಗೆ ನೋಡುತ್ತಾರೆ.

ಊಟದ ಹೊತ್ತಿಗೆ ಜಾನಕಮ್ಮ ಚಿತ್ರಾನ್ನದ ತಟ್ಟೆ ಹಿಡಿದು ನೇರವಾಗಿ ಉಷಾರಾಣಿಯವರ ಎದುರಿಗೇ ಬಂದು ನಿಲ್ಲುತ್ತಾರೆ. "ಗೊತ್ತಾಯ್ತಲ್ಲ ನಿಮ್ಗೆ? ನಾನು ಬಾಗಿಲಾಗೇ ಹೇಳ್ದೆ, ನಮ್ಮಿಬ್ರನ್ನ ಬೇರೆ ಮಾಡ್ಬ್ಯಾಡಿ ಅಂತ. ಈಗ ಅವಳ ಅನ್ನ ಹೋದ್ರೆ ನೀವು ಹಾಕ್ತೀರಾ ಮೇಡಂ?"

ಉಷಾರಾಣಿ ತಮ್ಮ ತಟ್ಟೆ ಕೆಳಗಿಡುತ್ತಾರೆ. "ಬರೋ ತಿಂಗಳು ನೀವಿರಲ್ವಲ್ಲ ಅಮ್ಮ. ಆಗ?" ಎಂದು ಕೇಳುತ್ತಾರೆ. ಜಾನಕಮ್ಮನ ಕಣ್ಣು ತುಂಬಿಕೊಳ್ಳುತ್ತದೆ. "ಅದನ್ನೇ ನಾನೂ ದಿನಾ ಯೋಚ್ನೆ ಮಾಡೋದು," ಎನ್ನುತ್ತಾ ತಟ್ಟೆ ಹಿಡಿದು ಹೊರಟುಹೋಗುತ್ತಾರೆ.

ಊಟವಾದ ಮೇಲೆ ವರದಿ. ಹಾಸನಕ್ಕೆ ಹೊರಟಿದ್ದ ಕುಮಾರಸ್ವಾಮಿ ಅದೇಕೋ ನಿಂತಿದ್ದಾರೆ. ಹುಣಸೆ ಬೀಜದ ಸರದಿ ಬಂದಾಗ, ಎಲ್ಲರಿಗಿಂತ ಕಡಿಮೆ ಮಾತಾಡಿದ ಮುದುಕಿ ಮತ್ತೆ ಎಲೆ ಅಡಿಕೆ ತುಂಬಿದ ಬಾಯಿ ತೋರಿಸಿ ಸುವರ್ಣಮ್ಮನನ್ನು ಮುಂದಕ್ಕೆ ತಳ್ಳುತ್ತಾಳೆ. ಸುವರ್ಣಮ್ಮ ಎದ್ದು ನಿಲ್ಲುತ್ತಾರೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಚಾಪೆಯವರು ಹೇಳಿಕೊಟ್ಟಂತೆ ಒಪ್ಪಿಸುತ್ತಾರೆ.

"ನೆಗಡಿ ಬಂದೋಳು ವಾಸನೆ ನಂಬಬಾರ್ದು. ಬಂದ ತಕ್ಷಣ ಕಿಟಕಿ ತೆಗೀಬೇಕು. ಹಚ್ಚೋಕೆ ಮುಂಚೆ ಎಲ್ಲಾ ಜಾಯಿಂಟಿಗೂ ನೊರೆ ಹಚ್ಚಬೇಕು. ಗುಳ್ಳೆ ಬಂದ್ರೆ ಆರ್ಸಬೇಕು, ಮಕ್ಳನ್ನ ದೂರ ಕಳಿಸ್ಬೇಕು."

"ಒಳ್ಳೇದು. ಅಷ್ಟೆಲ್ಲಾ ಯಾಕಮ್ಮ, ನೆಗಡಿ ಬಂದ್ರೆ ರಜೆ ಹಾಕಿ," ಎನ್ನುತ್ತಾರೆ ಕುಮಾರಸ್ವಾಮಿ.

"ರಜೆ ಹಾಕಿದ್ರೆ ನೀವು ಬಂದು ಸಾರು ಮಾಡ್ತೀರಾ ಸಾರ್?" ಕಮಲಾಕ್ಷಮ್ಮನ ಮಾತಿಗೆ ಇಡೀ ಹಾಲು ಘೊಳ್ಳೆನ್ನುತ್ತದೆ. ಕುಮಾರಸ್ವಾಮಿಯವರೂ ನಗುತ್ತಾರೆ. ಉಷಾರಾಣಿಯವರ ಎದೆ ಒಂದಿಷ್ಟು ಹಗುರಾಗುತ್ತದೆ. ಮುಗಿಯಿತು. ಗುಟ್ಟು ಚಾಪೆಯಲ್ಲೇ ಉಳಿಯಿತು, ಪಾಠವೂ ಆಯಿತು. ಉಳಿದದ್ದನ್ನು ಮುಂದೆ ನಿಧಾನವಾಗಿ ಏನಾದರೂ ಮಾಡಬಹುದು.

ಸುವರ್ಣಮ್ಮ ಮಾತ್ರ ಕೂತಿಲ್ಲ.

"ನಂದು ನೆಗಡಿ ಅಲ್ಲ ಸಾರ್," ಎನ್ನುತ್ತಾರೆ.

ನಗು ಒಂದೊಂದೇ ಮೂಲೆಯಿಂದ ಆರುತ್ತದೆ. ಹಾಲಿನ ಆ ತುದಿಯಲ್ಲಿ ಜಾನಕಮ್ಮ ಎರಡೂ ಕೈ ಬಾಯಿಗೆ ಒತ್ತಿಕೊಳ್ಳುತ್ತಾರೆ. ಜ್ವರ ಬಂದದ್ದು, ವಾಸನೆ ಹೋದದ್ದು, ಆಸ್ಪತ್ರೆಯಲ್ಲಿ ತಾನಾಗೇ ಬರುತ್ತೆ ಎಂದದ್ದು, ಬಾರದೇ ಹೋದದ್ದು. ಎಲ್ಲವನ್ನೂ ಸುವರ್ಣಮ್ಮ ನಿಂತಲ್ಲೇ ಹೇಳುತ್ತಾರೆ. ಆಮೇಲೆ, ಇದನ್ನೆಲ್ಲ ಪತ್ರಿಕೆಗೆ ಬರೆಯುವಾಗ ಅವರ ಹೆಸರು ಹಾಕಬಹುದೇ ಎಂದು ನಾವು ಕೇಳಿದಾಗಲೂ ಅವರದು ಇದೇ ಧೋರಣೆ. "ಬರೀರಿ ಬಿಡ್ರವ್ವ. ನನ್ನಂಗೆ ಇನ್ನೆಷ್ಟು ಜನ ಸುಮ್ಕವ್ರೋ."

ಕುಮಾರಸ್ವಾಮಿ ಕನ್ನಡಕ ತೆಗೆದು ಒರೆಸುತ್ತಾರೆ. "ವಾಸನೆ ಬರಲ್ಲ ಅಂದ್ರೆ, ನಿಮ್ಮನ್ನ ಗ್ಯಾಸ್ ಮುಂದೆ ಹೆಂಗಮ್ಮ ನಿಲ್ಲಿಸೋದು? ನಾಳೆ ಏನಾದ್ರೂ ಆದ್ರೆ?"

ಕೇಳಬೇಕಾದ ಪ್ರಶ್ನೆಯೇ. ಗಾನವಿ ಎದ್ದು, "ನೊರೆ ಹಚ್ಚಿ ಕಂಡುಹಿಡೀತಾರೆ ಸಾರ್, ನಾವೇ ನೋಡಿದೀವಿ," ಎನ್ನುತ್ತಾಳೆ. ಕಮಲಾಕ್ಷಮ್ಮನೂ ಏಳುತ್ತಾರೆ. ಮುದುಕಿಯೂ ಮೊಣಕಾಲು ಹಿಡಿದುಕೊಂಡು ಏಳುತ್ತಾಳೆ. ನಾಲ್ವರೂ ನಿಂತಿರುವ ಆ ಚಾಪೆಯನ್ನು ಅಧಿಕಾರಿ ಕನ್ನಡಕ ಹಾಕಿಕೊಂಡು ನೋಡುತ್ತಾರೆ.

"ಸೋಮವಾರ ನಾನೇ ನಿಮ್ಮ ಶಾಲೆಗೆ ಬರ್ತೀನಿ. ಗ್ಯಾಸ್ ರಿಪೇರಿಯವರನ್ನೂ ಕರ್ಕೊಂಡು ಬರ್ತೀನಿ. ನೋಡಿ ಆಮೇಲೆ ಹೇಳ್ತೀನಿ. ಅಲ್ಲೀವರೆಗೂ ನೀವು ಒಲೆ ಹಚ್ಚೋ ಹಾಗಿಲ್ಲ."

ವಾಪಸು ಬಸ್ಸಿನಲ್ಲಿ ಉಷಾರಾಣಿ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. "ಕಾಳು ಹಂಚಿದ್ದು ನಾನು. ಜಾನಕಮ್ಮ ಕೇಳಿದಾಗ ಒಂದು ಹುಣಸೆ ಬೀಜ ಕೊಟ್ಟಿದ್ರೆ ಸುವರ್ಣಮ್ಮ ಇವತ್ತು ನೆಮ್ಮದಿಯಾಗಿ ಮನೆಗೆ ಹೋಗಿರೋರು," ಎನ್ನುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ, "ಕೊಡದೇ ಇದ್ದಿದ್ದೇ ಸರಿ. ಸರಿ ಅಂತ ಗೊತ್ತು. ಮನಸ್ಸು ಮಾತ್ರ ಒಪ್ತಿಲ್ಲ."

ಸೋಮವಾರ ಅವರನ್ನು ಯಾರೂ ಕರೆದಿಲ್ಲ. ಮೊದಲ ಬಸ್ಸಿಗೇ ಹೊರಟು ಹಳೇಬೀಡಿನಲ್ಲಿಳಿದು ಆಟೋ ಹಿಡಿದು ಶಾಲೆ ತಲುಪಿದ್ದಾರೆ. ಅಡುಗೆಮನೆಯ ಮುಂದೆ ಕುಮಾರಸ್ವಾಮಿ, ಮುಖ್ಯ ಶಿಕ್ಷಕರು, ರಿಪೇರಿಯವರು ನಿಂತಿದ್ದಾರೆ. ಜಾನಕಮ್ಮನ ಜಾಗಕ್ಕೆ ಬರಲಿರುವ ಶರ್ಮಿಳಾ ಎಂಬ ಹುಡುಗಿಯೂ ಇದ್ದಾಳೆ. ಜಾನಕಮ್ಮನನ್ನು ಮಾತ್ರ ಅಧಿಕಾರಿ ಗೇಟಿನಾಚೆ ನಿಲ್ಲಿಸಿದ್ದಾರೆ. "ನೀವು ಕೆಮ್ಮಿದ್ರೂ ಅವರಿಗೆ ಸನ್ನೆ ತಿಳಿಯುತ್ತೆ ಕಣಮ್ಮ," ಎಂದು. ಮಕ್ಕಳೆಲ್ಲ ಹಿಂದಿನ ಮೈದಾನದಲ್ಲಿದ್ದಾರೆ.

ರಿಪೇರಿಯವರು ಒಳಗೆ ಹೋಗಿ ಒಬ್ಬರೇ ಏನೋ ಮಾಡಿ ಬಂದಿದ್ದಾರೆ. ಎಲ್ಲಿ, ಏನು ಎಂದು ಯಾರಿಗೂ ಹೇಳಿಲ್ಲ. ಏನೂ ಮಾಡದೆಯೂ ಬಂದಿರಬಹುದು.

ಸುವರ್ಣಮ್ಮ ಒಳಗೆ ಹೋಗುತ್ತಾರೆ. ಎರಡೂ ಕಿಟಕಿ ತೆರೆಯುತ್ತಾರೆ, ಬಾಗಿಲನ್ನು ಪೂರ್ತಿ ತಳ್ಳುತ್ತಾರೆ. ಬೋಗುಣಿಯಲ್ಲಿ ಸೋಪು ಕದಡಿ ನೊರೆ ಎಬ್ಬಿಸುತ್ತಾರೆ. ಆಮೇಲೆ ಸಿಲಿಂಡರ್ ತಿರುಪು ತೆರೆದು, ಅದರ ತಲೆಗೆ ನೊರೆ ಬಳಿದು ಕಾಯುತ್ತಾರೆ. ಏನೂ ಇಲ್ಲ. ರೆಗ್ಯುಲೇಟರ್ ಮತ್ತು ಪೈಪು ಸೇರುವಲ್ಲಿ ಬಳಿಯುತ್ತಾರೆ. ಏನೂ ಇಲ್ಲ.

ಬಾಗಿಲ ಹೊರಗೆ ನಿಂತ ಉಷಾರಾಣಿಯವರ ಮೂಗಿಗೆ ಬಡಿಯುತ್ತದೆ, ಕೊಳೆತ ಕೋಸಿನಂಥ ವಾಸನೆ. ಕುಮಾರಸ್ವಾಮಿ ಕರವಸ್ತ್ರ ಮೂಗಿಗೆ ಹಿಡಿದು ರಿಪೇರಿಯವರತ್ತ ನೋಡುತ್ತಾರೆ. ಶರ್ಮಿಳಾ ಬಾಯಿ ತೆರೆಯುವಷ್ಟರಲ್ಲಿ ಉಷಾರಾಣಿ ಅವಳ ತೋಳು ಹಿಡಿಯುತ್ತಾರೆ. ಎಲ್ಲರಿಗೂ ಗೊತ್ತಿರುವುದು ಒಳಗಿರುವ ಒಬ್ಬರಿಗೆ ಮಾತ್ರ ಗೊತ್ತಿಲ್ಲ. ಕೂಗಿಬಿಡಬೇಕೆನಿಸುತ್ತದೆ. ಕೂಗಿದರೆ ಆ ಹೆಂಗಸಿನ ಕೆಲಸ ಅಲ್ಲಿಗೇ ಮುಗಿಯುತ್ತದೆ. ರಿಪೇರಿಯವರ ಕೈ ಬಾಗಿಲ ಚೌಕಟ್ಟಿನ ಮೇಲಿದೆ, ಒಳಗೆ ನುಗ್ಗಲು ಸಿದ್ಧ.

ಸುವರ್ಣಮ್ಮನಿಗೆ ಆತುರವಿಲ್ಲ. ಪೈಪಿನ ಉದ್ದಕ್ಕೂ ನೊರೆ ಎಳೆಯುತ್ತಾ ಒಲೆಯ ಕಡೆಗೆ ಬರುತ್ತಾರೆ. ಒಲೆಯ ಬಾಯಿಗೆ ಪೈಪು ಸೇರುವಲ್ಲಿ ಬಗ್ಗುತ್ತಾರೆ. ನೊರೆ ಉಬ್ಬುತ್ತದೆ. ನೆಲ್ಲಿಕಾಯಿ ಗಾತ್ರದ ಗುಳ್ಳೆಯಾಗಿ ಒಡೆಯುತ್ತದೆ. ಅವರ ಕೈ ಆಗಲೇ ಸಿಲಿಂಡರ್ ತಿರುಪಿನ ಮೇಲಿದೆ. ಆರಿಸಿ, ಅಧಿಕಾರಿಯ ಮುಖವನ್ನೂ ನೋಡದೆ, "ಬಾರವ್ವ ಶರ್ಮಿಳಾ, ಒಳಗೆ ಬಾ. ಇಲ್ಲಿ ನೋಡು ಎಂಗೆ ಬತ್ತದೆ ಅಂತ," ಎಂದು ಕರೆಯುತ್ತಾರೆ.

ಉಷಾರಾಣಿ ನಲ್ಲಿಯ ಕಟ್ಟೆಯ ಮೇಲೆ ಕೂತುಬಿಡುತ್ತಾರೆ.

ಕುಮಾರಸ್ವಾಮಿಯವರ ತೀರ್ಪು ಪೂರ್ತಿ ಸಿಹಿಯಲ್ಲ. ಸುವರ್ಣಮ್ಮ ಕೆಲಸದಲ್ಲಿ ಇರಬಹುದು. ನೊರೆಯ ಪರೀಕ್ಷೆ ದಿನವೂ ಆಗಬೇಕು, ಹಚ್ಚುವುದು ಶರ್ಮಿಳಾ. ಅವಳು ಬಾರದ ದಿನ ಒಲೆ ಉರಿಯಕೂಡದು, ಮಕ್ಕಳಿಗೆ ಮೊಸರವಲಕ್ಕಿ. ಮತ್ತೆ ಮತ್ತೆ ಬಂದು ನೋಡುತ್ತೇನೆ, ಒಂದು ಸಲ ತಪ್ಪಿದರೂ ಬಿಡುವುದಿಲ್ಲ ಎನ್ನುತ್ತಾರೆ. "ಬನ್ನಿ ಸಾರ್, ಊಟದ ಹೊತ್ತಿಗೇ ಬನ್ನಿ," ಎನ್ನುತ್ತಾರೆ ಸುವರ್ಣಮ್ಮ.

ಉಷಾರಾಣಿಯವರಿಗೆ ಇದರಿಂದ ನೆಮ್ಮದಿ ಬಂದಿದೆಯೇ? ತಲೆ ಅಡ್ಡಡ್ಡ ಆಡಿಸುತ್ತಾರೆ. "ಮುಂದಿನ ವಾರ ಅರಸೀಕೆರೇಲಿ ಮತ್ತೆ ತರಬೇತಿ. ಅಲ್ಲಿ ಯಾರ ಮೂಗು ಯಾರ ಹತ್ರ ಇದೆಯೋ! ನಂಗೆ ದೊಡ್ಡ ಆಸೆ ಏನಿಲ್ಲ. ಬಂದೋರು ಬಂದಂಗೇ ತಲೆ ಆಡಿಸ್ಕೊಂಡು ಎದ್ದು ಹೋಗ್ಬಾರ್ದು, ಅಷ್ಟೇ."

ರಿಪೇರಿಯವರು ಪೈಪು ಬಿಗಿ ಮಾಡಿಕೊಟ್ಟಿದ್ದಾರೆ, ಶರ್ಮಿಳಾ ಒಲೆ ಹಚ್ಚಿದ್ದಾಳೆ, ಜಾನಕಮ್ಮ ಗೇಟು ದಾಟಿ ಒಳಗೆ ಬಂದಿದ್ದಾರೆ. ಸಾರು ಕುದಿಯುತ್ತಿದೆ, ಮಕ್ಕಳು ಮೈದಾನದಿಂದ ತಟ್ಟೆ ಬಡಿಯುತ್ತಾ ಬರುತ್ತಿದ್ದಾರೆ. ಸುವರ್ಣಮ್ಮ ಒಂದು ಬಟ್ಟಲಿಗೆ ಸಾರು ಹಾಕಿ ಉಷಾರಾಣಿಯವರ ಮುಂದೆ ಹಿಡಿಯುತ್ತಾರೆ. "ಘಮ ಎಂಗೈತೆ ಹೇಳಿ ಮೇಡಂ, ನಂಗೆ ತಿಳಿಯಾಕಿಲ್ಲ."

ಉಷಾರಾಣಿ ಕಣ್ಣು ಮುಚ್ಚಿ ಮೂಸುತ್ತಾರೆ.

"ಬೆಳ್ಳುಳ್ಳಿ ಒಂಚೂರು ಸೀದಿದೆ ಅಕ್ಕ."

ಸುವರ್ಣಮ್ಮ ಸೌಟು ಕೆಳಗಿಟ್ಟು ಜೋರಾಗಿ ನಗುತ್ತಾರೆ. "ಕೇಳ್ದಾ ಶರ್ಮಿಳಾ? ನಾಳೆಯಿಂದ ನೀನೂ ಹಿಂಗೇ ಹೇಳ್ಬೇಕು. ಈ ಜಾನಕಕ್ಕ ನೋಡು, ಇಷ್ಟು ವರ್ಷ ಒಂದು ದಿನವಾದ್ರೂ ಸೀದೈತೆ ಅಂದೋಳಲ್ಲ."